ದೃಷ್ಟ, ಅದೃಷ್ಟ: ಆಡುತ್ತಿದ್ದ ಕನ್ಸೋಲ್ ಆರಿಹೋದಾಗ

ಆಡುತ್ತಿರುವಾಗಲೇ ಗೇಮ್ ಕನ್ಸೋಲ್ ತಟಕ್ಕನೆ ಆಫ್ ಆಗುವುದು ಒಂದು ಕಾರ್ಯ. ಕಾರ್ಯವಿದ್ದ ಮೇಲೆ ಕಾರಣ ಇರಲೇಬೇಕು ಎಂಬಲ್ಲಿ, ಚಾರ್ವಾಕರನ್ನು ಬಿಟ್ಟರೆ, ಭಾರತೀಯ ದರ್ಶನಗಳಿಗೆ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಆ ಕಾರಣ ಯಾವ ಬಗೆಯದು, ಅದನ್ನು ತಿಳಿಯುವ ದಾರಿ ಯಾವುದು, ಕಣ್ಣಿಗೆ ಬೀಳದ ಕಾರಣವನ್ನು ಯಾವಾಗ ಒಪ್ಪಬೇಕು ಎಂಬಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮನೆಯೊಂದರಲ್ಲಿ ಈ ಪೆಟ್ಟಿಗೆ ಆರಿಹೋದಾಗ ಹೊರಡುವ ಮಾತುಗಳಲ್ಲೇ ಈ ಮೂರು ಪ್ರಶ್ನೆಗಳೂ ಅಡಗಿರುತ್ತವೆ. ಹುಡುಗ ‘ಹೀಟ್ ಆಗಿದೆ’ ಅನ್ನುತ್ತಾನೆ. ಅಪ್ಪ ‘ವೋಲ್ಟೇಜ್ ಸಾಲ್ದು’ ಅನ್ನುತ್ತಾರೆ. ಅಜ್ಜಿ ‘ಯಾರ್ದೋ ದೃಷ್ಟಿ ತಾಕಿದೆ ಕಣೋ ಮಗ’ ಅನ್ನುತ್ತಾರೆ.

ಈ ವಿಚಾರಕ್ಕೆ ಬೇಕಾದ ಎರಡು ಪದಗಳು ಕನ್ನಡದ ಮನೆಮಾತಿಗೆ ಬರುವಾಗ ರೂಪವನ್ನೋ ಅರ್ಥವನ್ನೋ ಬದಲಿಸಿಕೊಂಡಿವೆ. ಶಾಸ್ತ್ರದಲ್ಲಿ ದೃಷ್ಟ ಎಂದರೆ ಕಂಡದ್ದು, ಅದೃಷ್ಟ ಎಂದರೆ ಕಾಣದ್ದು. ಬಳಕೆಯಲ್ಲಿ ದೃಷ್ಟಿ ಎಂದರೆ ಕೆಟ್ಟ ಕಣ್ಣು, ಅದೃಷ್ಟ ಎಂದರೆ ಹಣೆಬರಹದ ಒಳ್ಳೆಯ ಪಾಲು. ಕಾಣದ್ದೆಲ್ಲ ಹಣೆಬರಹವಾಗಿಬಿಟ್ಟರೆ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಂಡ ಕಾರಣವನ್ನು ತಡಕಿ ಮುಗಿಸುವ ತನಕ ಕಾಣದ್ದರ ಹೆಸರೆತ್ತುವುದು ರಿಪೇರಿಯವನಿಗೆ ಒಪ್ಪಿಗೆಯಾಗುವುದಿಲ್ಲ, ಶಾಸ್ತ್ರಕ್ಕೂ ಒಪ್ಪಿಗೆಯಾಗುವುದಿಲ್ಲ. ಎರಡನೆಯ ಮಾತು ಅಷ್ಟಾಗಿ ಗೊತ್ತಿಲ್ಲದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ಕಾರಣಕ್ಕೆ ಕೈಹಾಕುವ ಮುನ್ನ ಆದದ್ದೇನೆಂದು ಸರಿಯಾಗಿ ಹೇಳಬೇಕು. ‘ಆಫ್ ಆಯ್ತು’ ಅಂದರೆ ಸಾಲದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ನೆಲೆಸಿರುವ ಜೈನವಿದ್ಯೆ ಇದಕ್ಕೊಂದು ಕ್ರಮವನ್ನು ಕೊಡುತ್ತದೆ. ಜೈನ ತರ್ಕದ ಪ್ರಕಾರ ಯಾವ ವಸ್ತುವಿನ ಬಗ್ಗೆಯೂ ‘ಇದೆ’, ‘ಇಲ್ಲ’ ಎಂದು ಬರಿದೆ ಹೇಳುವಂತಿಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕರ ಅಪೇಕ್ಷೆ ಸೇರಿಸಿಯೇ ಹೇಳಬೇಕು. ಮಡಕೆ ಮಣ್ಣಿನದಾಗಿ ಇದೆ, ತಾಮ್ರದ್ದಾಗಿ ಇಲ್ಲ. ಈ ಜಾಗದಲ್ಲಿ ಇದೆ, ಆಚೆ ಜಾಗದಲ್ಲಿ ಇಲ್ಲ. ಈಗ ಇದೆ, ಆಗ ಇರಲಿಲ್ಲ. ಕನ್ಸೋಲಿನ ದೋಷಕ್ಕೂ ಇದೇ ನಾಲ್ಕು ಪ್ರಶ್ನೆ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ದ್ರವ್ಯ, ಅಂದರೆ ಯಾವ ಯಂತ್ರ ಎಂಬುದು. ಎಕ್ಸ್‌ಬಾಕ್ಸ್ 360 ಮತ್ತು ಮೊದಲ ಎಕ್ಸ್‌ಬಾಕ್ಸ್ ಒನ್‌ಗೆ ಕರೆಂಟು ಕೊಡುವ ಅಡಾಪ್ಟರ್ ಹೊರಗೆ ಇಟ್ಟಿಗೆಯ ಹಾಗೆ ಬೇರೆ ಇರುತ್ತದೆ; ಪ್ಲೇಸ್ಟೇಷನ್ 4ರಲ್ಲಿ ಅದು ಪೆಟ್ಟಿಗೆಯ ಒಳಗೇ ಇದೆ. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಎಕ್ಸ್‌ಬಾಕ್ಸ್ ಒನ್ ಆದರೆ ಅದರ ಅಡಾಪ್ಟರ್ 127 ವೋಲ್ಟಿನೊಳಗಿನ ಕರೆಂಟಿಗೆ ಮಾಡಿದ್ದಾಗಿರಬಹುದು. ಇಲ್ಲಿನ ಕರೆಂಟು 230 ವೋಲ್ಟು. ಅಡಾಪ್ಟರಿನ ಬೆನ್ನ ಮೇಲೆ ಅಚ್ಚಾಗಿರುವ ಅಂಕಿಯನ್ನು ಓದಿದರೆ ಸಾಕು, ಈ ಸಂಶಯ ಮುಗಿಯುತ್ತದೆ.

ಕ್ಷೇತ್ರದಲ್ಲಿ ಹೇಳುವುದು ಹೆಚ್ಚಿದೆ. ಹಾಸನವನ್ನು ಬಡವರ ಊಟಿ ಅನ್ನುತ್ತಾರೆ. ಬೇಸಿಗೆಯಲ್ಲೂ ರಾತ್ರಿ ಹೊದಿಕೆ ಬೇಕಾಗುವ ಊರು. ಹಾಗಾಗಿ ಇಲ್ಲಿ ಯಂತ್ರ ಕಾಯುತ್ತದೆಂದರೆ ಜನ ನಂಬುವುದಿಲ್ಲ. ಆದರೆ ಕನ್ಸೋಲ್ ಇರುವುದು ಹಾಸನದ ಗಾಳಿಯಲ್ಲಲ್ಲ, ಶೋಕೇಸಿನ ಗಾಜಿನ ಬಾಗಿಲ ಹಿಂದೆ. ಒಂದು ಸಾಧಾರಣ ನಡುಮನೆಯ ಶೋಕೇಸನ್ನು ಹತ್ತಿರದಿಂದ ನೋಡಬಹುದು. ಮೇಲಿನ ಅರೆಯಲ್ಲಿ ಟಿವಿ. ಅದರ ಕೆಳಗೆ ಸೆಟ್‌ಟಾಪ್ ಬಾಕ್ಸ್, ಅದರ ಬೆನ್ನಿಗೆ ತಗುಲಿಕೊಂಡು ಕನ್ಸೋಲ್. ಧೂಳು ಕೂರದಿರಲಿ ಎಂದು ಮೇಲೊಂದು ಕಸೂತಿಯ ಬಟ್ಟೆ. ಪಕ್ಕದ ಅರೆಯಲ್ಲಿ ದೇವರ ಫೋಟೊ, ಊದುಬತ್ತಿ ಸ್ಟ್ಯಾಂಡ್, ಶುಕ್ರವಾರ ಸಾಂಬ್ರಾಣಿ. ಕನ್ಸೋಲಿನ ಫ್ಯಾನ್ ಈ ಹೊಗೆಯನ್ನೂ ಬಟ್ಟೆಯ ಎಳೆಯನ್ನೂ ಒಳಗೆಳೆದುಕೊಳ್ಳುತ್ತದೆ. ಎರಡು ಮೂರು ವರ್ಷದ ಮೇಲೆ ಪೆಟ್ಟಿಗೆ ಬಿಚ್ಚಿದರೆ ಹೀಟ್ ಸಿಂಕಿನ ತೆಳು ರೆಕ್ಕೆಗಳ ನಡುವೆ ಬೂದು ಬಣ್ಣದ, ಜಿಡ್ಡು ಹಿಡಿದ ಒಂದು ಪದರ ಸಿಗುತ್ತದೆ. ಬೆರಳಿಂದ ಎಬ್ಬಿಸಿದರೆ ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಏಳುತ್ತದೆ. ಬೆಚ್ಚಗಿರುವ ಜಾಗವೆಂದು ಜಿರಳೆಗಳೂ ಅಲ್ಲಿ ಸಂಸಾರ ಹೂಡಿರುತ್ತವೆ. ಧೂಳಿನಿಂದ ಕಾಪಾಡಲು ಹೊದಿಸಿದ ಬಟ್ಟೆಯೇ ಬಿಸಿಯನ್ನು ಒಳಗೆ ಕೂಡಿಹಾಕಿರುತ್ತದೆ. ಅರಕಲಗೂಡು ಕಡೆ ತಂಬಾಕು ಬೇಯಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲೆ ಬೇಯಿಸುವ ಕೋಣೆಯಾದ ಬ್ಯಾರನ್ನಿನ ಗಾಳಿಕಿಂಡಿ ತೆರೆಯುವುದು ಅರ್ಧ ಗಂಟೆ ತಡವಾದರೆ ಒಳಗೆ ಏನಾಗುತ್ತದೆಂದು ಅವರು ಬಲ್ಲರು.

ಕಾಲದ ಪ್ರಶ್ನೆ ಹೀಗೆ. ಸ್ವಿಚ್ ಹಾಕಿದ ಒಂದೆರಡು ಸೆಕೆಂಡಿಗೇ ಆರುತ್ತದೆಯೋ? ಹಾಗಾದರೆ ಪವರ್ ಸಪ್ಲೈಯಲ್ಲಿ ಅಥವಾ ಬೋರ್ಡಿನಲ್ಲಿ ಶಾರ್ಟ್ ಇರುವ ಸಂಭವ ಹೆಚ್ಚು. ಇಪ್ಪತ್ತು, ಮೂವತ್ತು ನಿಮಿಷ ಆಡಿದ ಮೇಲೆ, ಪ್ರತಿಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಆದರೆ ಬಿಸಿಯ ಕಡೆ ನೋಡಬೇಕು. ಯಾರೂ ಮುಟ್ಟದೆ ಬಿಟ್ಟಾಗ ಗಡಿಯಾರ ಇಟ್ಟ ಹಾಗೆ ಆರಿದರೆ ಅದು ಕನ್ಸೋಲಿನ ಸೆಟ್ಟಿಂಗಿನಲ್ಲೇ ಇರುವ ಸಮಯದ ಮಿತಿ. ಟಿವಿ ಆಫ್ ಮಾಡಿದ ಕೂಡಲೇ ಆರಿದರೆ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಯೂ ಕನ್ಸೋಲೂ ಒಂದಕ್ಕೊಂದು ಆಜ್ಞೆ ಕಳಿಸುವ ಏರ್ಪಾಡು ಚಾಲೂ ಇದೆ ಎಂದರ್ಥ. ಇವೆರಡು ರೋಗವೇ ಅಲ್ಲ. ಸಂಜೆ ಆರರ ಮೇಲೆ ಮಾತ್ರ ಆರುತ್ತದೆ, ಬೆಳಿಗ್ಗೆ ಎಷ್ಟು ಹೊತ್ತು ಆಡಿದರೂ ಏನೂ ಆಗದು ಎಂದಾದರೆ ವೋಲ್ಟೇಜಿನ ಏರುಪೇರು. ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವಾಗ ಬಲ್ಬು ಒಮ್ಮೆ ಮಿಣುಕುತ್ತದೆ, ಅಷ್ಟೇ. ಕನ್ಸೋಲಿಗೆ ಆ ಮಿಣುಕೇ ಸಾಕು. ಲೈಟು ಹೋಗಲೇ ಇಲ್ಲವಲ್ಲ ಎಂದು ಮನೆಯವರು ವಾದಿಸುತ್ತಾರೆ. ಅವರ ಕಣ್ಣು ಹಿಡಿಯದಷ್ಟು ಸಣ್ಣ ಬಿರುಕನ್ನು ಯಂತ್ರ ಹಿಡಿದಿರುತ್ತದೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿದಾಗ ಆ ಬಿರುಕು ಕಿರಿದಾಗುತ್ತದೆ.

ಭಾವ ಎಂದರೆ ಯಂತ್ರ ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದು. ಮೆನುವಿನಲ್ಲಿ ಸುಮ್ಮನಿದ್ದಾಗ ಚೆನ್ನಾಗಿದ್ದು, ಭಾರದ ಆಟ ಹಾಕಿದಾಗ ಮಾತ್ರ ಆರಿದರೆ ಚಿಪ್ಪು ಹೆಚ್ಚು ಕರೆಂಟು ಎಳೆದಾಗ ಯಾವುದೋ ಭಾಗ ತಾಳುತ್ತಿಲ್ಲ. ಆರುವಾಗ ದೀಪ ಏನು ಹೇಳಿತು ಎಂಬುದೂ ಭಾವಕ್ಕೆ ಸೇರಿದ್ದು. ಪ್ಲೇಸ್ಟೇಷನ್ 4ರಲ್ಲಿ ಕೆಂಪು ದೀಪ ಬಂದರೆ ಅದು ಬಿಸಿಯ ಮಾತು. ಎಕ್ಸ್‌ಬಾಕ್ಸ್ 360ರ ಗುಂಡಿಯ ಸುತ್ತಲಿನ ನಾಲ್ಕು ಕಾಲುಭಾಗಗಳಲ್ಲಿ ಎರಡು ಕೆಂಪಾದರೆ ಬಿಸಿ, ಮೂರು ಕೆಂಪಾದರೆ ಒಳಗಿನ ಹಾರ್ಡ್‌ವೇರ್ ದೋಷ. ದೀಪವೇ ಇಲ್ಲದೆ, ಪ್ಲಗ್ ಕಿತ್ತ ಹಾಗೆ ಸತ್ತರೆ ಮೊದಲು ನೋಡಬೇಕಾದ್ದು ಗೋಡೆಯ ಸಾಕೆಟ್ಟು. ಪಿನ್ನು ಲೂಸಾಗಿರುವ ಎಕ್ಸ್‌ಟೆನ್ಷನ್ ಬಾಕ್ಸಿನ ತಪ್ಪಿಗೆ ಎಷ್ಟೋ ಕನ್ಸೋಲುಗಳು ರಿಪೇರಿ ಅಂಗಡಿಯ ಮೇಜು ಹತ್ತಿವೆ.

ನಾಲ್ಕು ಪ್ರಶ್ನೆಗಳಿಂದ ಸಂಶಯ ಒಂದೆರಡು ಕಡೆಗೆ ಕೂಡಿಬರುತ್ತದೆ. ಸಂಶಯ ನಿಶ್ಚಯವಾಗಬೇಕಾದರೆ ನ್ಯಾಯಶಾಸ್ತ್ರ ಹೇಳುವ ಅನ್ವಯ, ವ್ಯತಿರೇಕ ಬೇಕು. ಇದು ಇದ್ದಾಗ ಅದು ಇರುತ್ತದೆ ಎಂಬುದು ಅನ್ವಯ. ಇದು ಇಲ್ಲದಾಗ ಅದೂ ಇಲ್ಲ ಎಂಬುದು ವ್ಯತಿರೇಕ. ಬಟ್ಟೆ ಹೊದಿಸಿದಾಗ ಕನ್ಸೋಲ್ ಆರಿತು ಎಂದು ಹತ್ತು ಸಲ ಕಂಡರೂ ಅದು ಅರ್ಧ ಸಾಕ್ಷಿ. ಬಟ್ಟೆಯೊಂದನ್ನು ಮಾತ್ರ ತೆಗೆದು, ಅದೇ ಆಟವನ್ನು ಅಷ್ಟೇ ಹೊತ್ತು ಆಡಿ, ಆರಲಿಲ್ಲ ಎಂದು ಕಂಡಾಗ ಉಳಿದರ್ಧ ಸಿಗುತ್ತದೆ. ಇಲ್ಲಿ ಜನ ಅವಸರ ಮಾಡುತ್ತಾರೆ. ಬಟ್ಟೆ ತೆಗೆದು, ಅದೇ ಹೊತ್ತಿಗೆ ಸಾಕೆಟ್ಟನ್ನೂ ಬದಲಿಸಿ, ಸಾಫ್ಟ್‌ವೇರನ್ನೂ ಅಪ್‌ಡೇಟ್ ಮಾಡಿ, ಆಮೇಲೆ ಸರಿಹೋಯಿತು ಅನ್ನುತ್ತಾರೆ. ಸರಿಹೋದದ್ದು ನಿಜ, ಕಾರಣ ತಿಳಿದದ್ದು ಸುಳ್ಳು. ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರ ವ್ಯತಿರೇಕವೂ ಕೈಗೆ ಸಿಕ್ಕಿರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ತಾಳ್ಮೆಯ ಉಪದೇಶವೆಂದು ತೋರಬಹುದು. ಆದರೆ ಅದು ಜ್ಞಾನದ ಷರತ್ತು.

ನೈಯಾಯಿಕರು ಕಾರಣಕ್ಕೆ ಕೊಡುವ ಲಕ್ಷಣದಲ್ಲಿ ಮೂರು ಅಂಶಗಳಿವೆ: ಕಾರ್ಯಕ್ಕೆ ಮುಂಚೆ ಇರಬೇಕು, ತಪ್ಪದೆ ಇರಬೇಕು, ಮತ್ತು ಅನ್ಯಥಾಸಿದ್ಧ, ಅಂದರೆ ಅದಿಲ್ಲದೆಯೂ ಕಾರ್ಯ ಆಗುವಂಥದ್ದು, ಆಗಿರಬಾರದು. ಮೂರನೆಯದರ ಬೆಲೆ ಹೆಚ್ಚು. ಕುಂಬಾರನ ಕತ್ತೆ ಮಣ್ಣು ಹೊತ್ತು ತಂದಿತು. ಆಮೇಲೆ ಗಡಿಗೆ ಆಯಿತು. ಕತ್ತೆ ಮುಂಚೆ ಇತ್ತು ನಿಜ. ಆದರೂ ಕತ್ತೆ ಗಡಿಗೆಗೆ ಕಾರಣವಲ್ಲ. ಮಣ್ಣು ತಲೆಯ ಮೇಲೆ ಬಂದಿದ್ದರೂ ಗಡಿಗೆ ಆಗುತ್ತಿತ್ತು. ಕನ್ಸೋಲ್ ಆರಿದಾಗ ಮನೆಯಲ್ಲಿ ಇಂಥ ಕತ್ತೆಗಳು ಬಹಳ ಇರುತ್ತವೆ. ನಿನ್ನೆ ಪಕ್ಕದ ಮನೆಯ ಹುಡುಗ ಬಂದು ಆಡಿದ. ಹೊಸ ಡಿಸ್ಕ್ ಹಾಕಿದೆವು. ಅಮಾವಾಸ್ಯೆ ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತನ್ನು ಎಲ್ಲರೂ ಬಲ್ಲರು. ಕಾಗೆ ತನ್ನ ಮನೆಯ ಕೊಂಬೆಯ ಮೇಲೆ ಕೂತಾಗ ಮಾತ್ರ ಅದು ನೆನಪಿಗೆ ಬರುವುದಿಲ್ಲ. ಆ ಹುಡುಗನನ್ನು ಮತ್ತೆ ಮನೆಗೆ ಸೇರಿಸದೆ ಇರುವುದು ತರ್ಕದೋಷ ಮಾತ್ರವಾಗಿ ಉಳಿಯುವುದಿಲ್ಲ. ಒಂದು ಮಗುವಿಗೆ ಮಾಡಿದ ಅನ್ಯಾಯವೂ ಆಗುತ್ತದೆ.

ಹುಸಿ ಕಾರಣಕ್ಕೆ ಲೋಕದಲ್ಲೆಲ್ಲ ಹೆಸರಾದ ಉದಾಹರಣೆಯೊಂದು ಕನ್ಸೋಲುಗಳ ಚರಿತ್ರೆಯಲ್ಲೇ ಇದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ 360 ಮೂರು ಕೆಂಪು ದೀಪ ತೋರಿಸಿ ಸಾಯುವುದು ಎಷ್ಟು ಹೆಚ್ಚಾಯಿತೆಂದರೆ, 2007ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಆ ಕಾಲದಲ್ಲಿ ಬಳಕೆದಾರರು ಒಂದು ಉಪಾಯ ಕಂಡುಕೊಂಡಿದ್ದರು: ಕನ್ಸೋಲಿಗೆ ಟವೆಲ್ ಸುತ್ತಿ, ಚಾಲೂ ಮಾಡಿ, ಚೆನ್ನಾಗಿ ಕಾಯಲು ಬಿಡುವುದು. ತಣ್ಣಗಾದ ಮೇಲೆ ಎಷ್ಟೋ ಯಂತ್ರಗಳು ನಡೆದವು. ಹಾಗಾದರೆ ಬಿಸಿ ಮದ್ದೇ? ಬಿಸಿಯೇ ರೋಗದ ಮೂಲ. ಪ್ರತಿಸಲ ಕಾದು ತಣ್ಣಗಾದಾಗ ಚಿಪ್ಪಿನ ಕೆಳಗಿನ ಸೂಕ್ಷ್ಮ ಬೆಸುಗೆಗಳು ಹಿಗ್ಗಿ ಕುಗ್ಗಿ ಬಿರುಕು ಬಿಟ್ಟಿದ್ದವು. ಟವೆಲಿನ ಶಾಖ ಆ ಬಿರುಕನ್ನು ಕೆಲವು ಗಂಟೆ, ಕೆಲವು ದಿನ ಮುಟ್ಟಿಸಿತು, ಅಷ್ಟೇ. ಸರಿಹೋದದ್ದನ್ನು ಕಂಡು ಕಾರಣ ತಿಳಿಯಿತೆಂದುಕೊಳ್ಳುವುದರ ಅಪಾಯ ಇದು. ಇಲ್ಲಿ ಅನ್ವಯವನ್ನೇ ಪೂರ್ತಿ ನೋಡಲು ಹೊತ್ತು ಸಾಲಲಿಲ್ಲ. ಎರಡು ವಾರ ಕಾದಿದ್ದರೆ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ಮುರಿದಿರುತ್ತಿತ್ತು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ತಾನೇ ಆರುವುದನ್ನು ಜನ ಕೆಡುಕೆಂದೇ ಎಣಿಸುತ್ತಾರೆ. ಬಹಳ ಸಲ ಅದು ರಕ್ಷಣೆ. ಚಿಪ್ಪಿನ ಬಿಸಿ ಮಿತಿ ಮೀರಿದಾಗ, ಪವರ್ ಸಪ್ಲೈಯ ವೋಲ್ಟೇಜ್ ತಪ್ಪಿದಾಗ, ಸುಟ್ಟುಹೋಗುವ ಮೊದಲು ನಿಲ್ಲು ಎಂದು ಮಾಡಿಟ್ಟ ಏರ್ಪಾಡು ಕೆಲಸ ಮಾಡಿರುತ್ತದೆ. ತರ್ಕಶಾಸ್ತ್ರದಲ್ಲಿ ಪ್ರತಿಬಂಧಕ ಎಂಬ ಮಾತಿದೆ. ಬೆಂಕಿಯೂ ಸೌದೆಯೂ ಇದ್ದು, ನಡುವೆ ಮಣಿಯೊಂದು ಅಡ್ಡ ಬಂದರೆ ಸುಡುವುದಿಲ್ಲ. ಆದ್ದರಿಂದ ಪ್ರತಿಬಂಧಕದ ಅಭಾವವೂ ಕಾರಣಸಾಮಗ್ರಿಯಲ್ಲಿ ಸೇರುತ್ತದೆ ಎಂದು ನೈಯಾಯಿಕರು ವಾದಿಸುತ್ತಾರೆ. ಕನ್ಸೋಲ್ ನಡೆಯಲು ಕರೆಂಟು, ಚಿಪ್ಪು, ಡಿಸ್ಕ್ ಇದ್ದರೆ ಸಾಲದು; ತಡೆಯುವ ಏರ್ಪಾಡಿಗೆ ತಡೆಯಲು ಕಾರಣ ಸಿಗದೆ ಇರಬೇಕು. ತಡೆಯನ್ನೇ ಕಿತ್ತುಹಾಕಿ ಆಡಿಸುವ ಬುದ್ಧಿವಂತಿಕೆಯಿಂದ ಯಂತ್ರ ಪೂರ್ತಿ ಹೋಗುತ್ತದೆ. ಮಾಡಬೇಕಾದ್ದು ಧೂಳು ತೆಗೆಯುವುದು, ಫ್ಯಾನ್ ನೋಡುವುದು, ಚಿಪ್ಪಿಗೂ ಹೀಟ್ ಸಿಂಕಿಗೂ ನಡುವೆ ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟನ್ನು ಬಲ್ಲವರಿಂದ ಬದಲಿಸುವುದು. ಪ್ಲೇಸ್ಟೇಷನ್ 5ರಲ್ಲಿ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಇದೆ. ಅದು ಕರೆಂಟು ಹರಿಸುವ ವಸ್ತು, ಮನೆಯಲ್ಲಿ ಕೈ ಹಾಕುವ ಜಾಗವಲ್ಲ. ಯಾವ ಕನ್ಸೋಲಿನದೇ ಆಗಲಿ, ಪವರ್ ಸಪ್ಲೈಯ ಡಬ್ಬಿಯನ್ನು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಬಿಚ್ಚಿ ನೋಡುವ ಅವಕಾಶವೇ ಇಲ್ಲದ ಯಂತ್ರ ಆರಿಹೋದರೆ ಹೇಗೆ? ಹಾಸನಕ್ಕೆ ಈ ಪ್ರಶ್ನೆ ಹೊಸದಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ವರ್ಷ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ, ದಿಕ್ಕು ಹಿಡಿದಿಡುವ ಇಂಧನ ಮುಗಿದು ಸೆಪ್ಟೆಂಬರ್ ಹೊತ್ತಿಗೆ ಕೈಬಿಟ್ಟಿತು. 1997ರ ಜೂನಿನಲ್ಲಿ ಹಾರಿದ ಇನ್ಸಾಟ್-2ಡಿ, ವಿದ್ಯುತ್ ಹಂಚುವ ತಂತಿಸಾಲಿನ ದೋಷದಿಂದ ಅದೇ ವರ್ಷದ ಅಕ್ಟೋಬರ್ 4ರಂದು ನಿಂತಿತು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ, ಎರಡು ದಿನದ ಮೇಲೆ ಕಕ್ಷೆ ಏರಿಸುವ ಎರಡನೆಯ ಉರಿಸುವಿಕೆ ಚೆನ್ನಾಗಿ ಮುಗಿದ ಬಳಿಕ ಮಾತು ನಿಲ್ಲಿಸಿತು. ಭೂಸ್ಥಿರ ಕಕ್ಷೆ ಸುಮಾರು 36,000 ಕಿಲೋಮೀಟರ್ ದೂರ. ಅಲ್ಲಿಗೆ ಸ್ಕ್ರೂಡ್ರೈವರ್ ತಲುಪದು. ಹಾಸನದ ಎಂಜಿನಿಯರುಗಳ ಕೈಯಲ್ಲಿ ಇರುವುದು ಕೊನೆಯ ಗಳಿಗೆಯ ತನಕ ಬಂದ ಟೆಲಿಮೆಟ್ರಿಯ ಅಂಕಿಗಳು: ಇಷ್ಟು ವೋಲ್ಟು, ಇಷ್ಟು ಬಿಸಿ, ಇಂಥ ದಿಕ್ಕು.

ತಾರ್ಕಿಕರ ಭಾಷೆಯಲ್ಲಿ ಆ ಅಂಕಿಗಳು ಲಿಂಗ, ಅಂದರೆ ಗುರುತು. ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿಯನ್ನು ತಿಳಿಯುವವನು ಬೆಟ್ಟ ಹತ್ತಬೇಕಾಗಿಲ್ಲ. ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಂಬಂಧವನ್ನು ಅವನು ಮೊದಲೇ ಅಡಿಗೆಮನೆಯಲ್ಲಿ ಕಂಡಿರುತ್ತಾನೆ. ಉಪಗ್ರಹಕ್ಕೆ ಆ ಅಡಿಗೆಮನೆ ಎಂದರೆ ಹಾರಿಸುವ ಮೊದಲು ನೆಲದ ಮೇಲೆ ಮಾಡಿದ ಪರೀಕ್ಷೆಗಳು. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಆಸುಪಾಸಿನಲ್ಲಿ ಭೂಸ್ಥಿರ ಉಪಗ್ರಹ ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಬರುತ್ತದೆ. ಹೆಚ್ಚೆಂದರೆ 72 ನಿಮಿಷ, ಬ್ಯಾಟರಿಯ ಮೇಲೆ ಬದುಕಬೇಕು. ಆ ದಿನಗಳಲ್ಲಿ ಅದು ತಡವರಿಸಿದರೆ ಬ್ಯಾಟರಿಯ ಕಡೆ ಸಂಶಯ ಹೋಗುವುದು, ಸಂಜೆ ಮಾತ್ರ ಆರುವ ಕನ್ಸೋಲಿನಲ್ಲಿ ವೋಲ್ಟೇಜಿನ ಕಡೆ ಸಂಶಯ ಹೋದಂತೆಯೇ. ಕಾಲ ಎಂಬ ಜೈನರ ಅಪೇಕ್ಷೆ ಅಲ್ಲೂ ನಡೆಯುತ್ತದೆ.

ಈಗ ಅಜ್ಜಿಯ ಮಾತಿಗೆ ಬರಬೇಕು. ಅದನ್ನು ಮೂಢನಂಬಿಕೆ ಎಂದು ಪಕ್ಕಕ್ಕೆ ಸರಿಸಿದರೆ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. ಕಾಣದ ಕಾರಣ ಎಂಬುದು ವೈದಿಕ ಕರ್ಮದ ಬುಡದಲ್ಲೇ ಇದೆ: ಇಂದು ಮಾಡಿದ ಯಾಗಕ್ಕೆ ಎಂದೋ ಫಲ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ್ದೊಂದು ಉಳಿದಿರಬೇಕು. ಅದನ್ನು ಅತ್ಯಂತ ಗಟ್ಟಿಯಾಗಿ ಎತ್ತಿಹಿಡಿದವರು ಮೀಮಾಂಸಕರು. ಕಾಣದ್ದನ್ನು ಕಲ್ಪಿಸುವುದಕ್ಕೆ ಅತ್ಯಂತ ಬಿಗಿಯಾದ ಕಟ್ಟಳೆ ಹಾಕಿದವರೂ ಅವರೇ. ಯಾಗದಲ್ಲಿ ಭತ್ತವನ್ನು ಕುಟ್ಟಬೇಕೆಂಬ ವಿಧಿಯಿದೆ. ಇದರ ಫಲವೇನು? ಪುಣ್ಯ ಎಂದುಬಿಡುವುದು ಸುಲಭವಾಗಿತ್ತು. ಮೀಮಾಂಸಕರು ಹಾಗೆನ್ನಲಿಲ್ಲ. ಕುಟ್ಟಿದರೆ ಹೊಟ್ಟು ಬಿಡುತ್ತದೆ, ಅಕ್ಕಿ ಸಿಗುತ್ತದೆ. ಒನಕೆ ಹಿಡಿದವರಿಗೆಲ್ಲ ಕಾಣುವ ಫಲ ಇದು. ಕಾಣುವ ಫಲ ಇರುವಾಗ ಕಾಣದ್ದನ್ನು ಕಲ್ಪಿಸುವುದು ನ್ಯಾಯವಲ್ಲ ಎಂದರು. ಉಗುರಿನಿಂದಲೂ ಹೊಟ್ಟು ಬಿಡಿಸಬಹುದಲ್ಲ, ಕುಟ್ಟಿಯೇ ಬಿಡಿಸಬೇಕೆಂಬ ನಿಯಮ ಏಕೆ ಎಂದು ಕೇಳಿದಾಗ ಮಾತ್ರ, ಆ ನಿಯಮದ ಪಾಲಿಗಷ್ಟೇ ಅದೃಷ್ಟವನ್ನು ಒಪ್ಪಿದರು. ಕಾಣದ್ದಕ್ಕೆ ಜಾಗ ಇದೆ. ಕಂಡದ್ದು ಮುಗಿದ ಮೇಲೆ, ಮುಗಿಯದೆ ಉಳಿದಷ್ಟು ಅಳತೆಗೆ. ವೇದಕ್ಕೆ ಸರ್ವಸ್ವವನ್ನೂ ಒಪ್ಪಿಸಿದವರು ವೇದವಾಕ್ಯದ ಮುಂದೆಯೇ ಇಷ್ಟು ಎಚ್ಚರ ವಹಿಸಿದ್ದಾರೆ. ಶೋಕೇಸಿನ ಪೆಟ್ಟಿಗೆಯ ಮುಂದೆ ಅದಕ್ಕಿಂತ ಕಡಿಮೆ ಎಚ್ಚರ ಸಾಕೆಂದು ಯಾವ ಆಸ್ತಿಕರೂ ವಾದಿಸಲಾರರು.

ಉದಾಹರಣೆಗೆ ಹಲ್ಲಿಯನ್ನು ತೆಗೆದುಕೊಳ್ಳಬಹುದು. ಅದು ಲೊಚಗುಟ್ಟಿದರೆ ಒಂದು ಶಕುನ, ಮೈಮೇಲೆ ಬಿದ್ದರೆ ಒಂದೊಂದು ಅಂಗಕ್ಕೆ ಒಂದೊಂದು ಫಲ. ಪಂಚಾಂಗದಲ್ಲಿ ಪಟ್ಟಿಯೇ ಇರುತ್ತದೆ. ಅದೇ ಹಲ್ಲಿ ಬೆಚ್ಚನೆಯ ಜಾಗ ಹುಡುಕಿ ಪವರ್ ಸಪ್ಲೈಯ ಸೀಳಿನಲ್ಲಿ ತೂರಿ, ಎರಡು ತಂತಿಬಿಂದುಗಳ ಮೇಲೆ ಅಡ್ಡ ಮಲಗಿದರೆ ಶಾರ್ಟ್ ಆಗುತ್ತದೆ. ಬಿಚ್ಚಿದಾಗ ಸಿಗುವುದು ಒಣಗಿ ಕಾಗದದಂತಾದ ಮೈ, ಬೋರ್ಡಿನ ಮೇಲೆ ಎರಡು ಕಪ್ಪು ಚುಕ್ಕೆ. ಈ ಹಲ್ಲಿಯನ್ನು ನೋಡದೆ ಆ ಹಲ್ಲಿಯನ್ನು ನೆನೆಯುವುದು ಶಾಸ್ತ್ರದ ಕ್ರಮವನ್ನೇ ತಿರುವುಮುರುವು ಮಾಡಿದ ಹಾಗೆ. ಆಯುಧಪೂಜೆಯ ದಿನ ಕನ್ಸೋಲಿಗೂ ಕುಂಕುಮ ಇಟ್ಟು ಹೂ ಮುಡಿಸುವ ಮನೆಗಳಿವೆ. ಅದರಲ್ಲಿ ತಪ್ಪಿಲ್ಲ, ಅದು ಉಪಕರಣಕ್ಕೆ ತೋರುವ ಕೃತಜ್ಞತೆ. ಹಬ್ಬದ ಮುಂಚೆ ಆಯುಧಗಳನ್ನೆಲ್ಲ ತೊಳೆದು ಒರೆಸುವ ರೂಢಿ ಇದೆಯಲ್ಲ, ಪೂಜೆಯ ಆ ಮೊದಲ ಭಾಗ ಫ್ಯಾನಿನ ಧೂಳಿನ ತನಕ ಹೋಗಬೇಕು.

ಕಂಡ ಕಾರಣಗಳೆಲ್ಲ ಮುಗಿದ ಮೇಲೆ ಮಾತ್ರ ಕಾಣದ್ದರ ಕಡೆ ತಿರುಗುವ ಕಥೆಯೊಂದು ಶ್ರವಣಬೆಳಗೊಳದಲ್ಲೇ ಇದೆ. ಸುಮಾರು 981ರಲ್ಲಿ ಚಾವುಂಡರಾಯ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿ ಅಭಿಷೇಕಕ್ಕೆ ತೊಡಗಿದಾಗ ಎಷ್ಟು ಕೊಡ ಹಾಲು ಸುರಿದರೂ ಅದು ಪಾದಕ್ಕೆ ಇಳಿಯಲಿಲ್ಲ. ಹಾಲಿಗೆ ಕೊರತೆಯಿರಲಿಲ್ಲ, ಕೊಡಕ್ಕೆ ಕೊರತೆಯಿರಲಿಲ್ಲ, ಕಲ್ಲಿನಲ್ಲಿ ಊನವಿರಲಿಲ್ಲ. ಆಗ ಮುದುಕಿಯೊಬ್ಬಳು ಗುಳ್ಳಕಾಯಿಯ ಪುಟ್ಟ ಚಿಪ್ಪಿನಲ್ಲಿ ತಂದ ಹಾಲನ್ನು ಎರೆದಳು. ಅದು ಪಾದ ತೊಯಿಸಿ ಬೆಟ್ಟದ ಕೆಳಗೆ ಹರಿಯಿತು. ತಡೆದದ್ದು ಚಾವುಂಡರಾಯನ ಅಹಂಕಾರ ಎಂದು ಕಥೆ ಹೇಳುತ್ತದೆ. ಗುಳ್ಳಕಾಯಜ್ಜಿಯ ವಿಗ್ರಹ ಇಂದಿಗೂ ವಿಂಧ್ಯಗಿರಿಯ ಮೇಲೆ ಗೊಮ್ಮಟನ ಎದುರಿಗೆ ನಿಂತಿದೆ. ಈ ಕಥೆಯ ಅದೃಷ್ಟ ಎಲ್ಲಿದೆ ನೋಡಬೇಕು: ಅದು ಪಕ್ಕದ ಮನೆಯವರ ಕಣ್ಣಿನಲ್ಲಿಲ್ಲ, ಹಾಲು ಸುರಿದವನ ಮನಸ್ಸಿನಲ್ಲೇ ಇದೆ. ಧರ್ಮ ಕಾಣದ ಕಾರಣವನ್ನು ಹೇಳಿದಾಗ ಅದು ಸಾಮಾನ್ಯವಾಗಿ ಕೇಳಿದವನ ಕಡೆಗೇ ತಿರುಗುತ್ತದೆ. ದೃಷ್ಟಿ ತಾಕಿತು ಎಂಬ ಮಾತಾದರೋ ಬೇರೊಬ್ಬರ ಕಡೆ ಬೆರಳು ತೋರಿಸುತ್ತದೆ.

ಸಾಂಖ್ಯರು ಇನ್ನೊಂದು ಕಡೆಯಿಂದ ಬರುತ್ತಾರೆ. ದುಃಖಕ್ಕೆ ಕಂಡ ಪರಿಹಾರಗಳಿವೆಯಲ್ಲ, ತತ್ತ್ವವಿಚಾರ ಏಕೆ ಎಂಬ ಆಕ್ಷೇಪಕ್ಕೆ ಅವರ ಉತ್ತರ: ಕಂಡ ಪರಿಹಾರ ಖಚಿತವೂ ಅಲ್ಲ, ಕೊನೆಯದೂ ಅಲ್ಲ. ಪೇಸ್ಟ್ ಬದಲಿಸಿದರೂ ಕನ್ಸೋಲ್ ಆರಬಹುದು. ಇಂದು ಆರದಿದ್ದರೂ ಮುಂದೊಂದು ದಿನ ಆರಬಹುದು. ಅವರು ಎಣಿಸುವ ಮೂರು ತಾಪಗಳಲ್ಲಿ ಆಧಿದೈವಿಕಕ್ಕೆ ಸೇರುವ ಸಿಡಿಲು ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಈ ಕಡೆ ಎಷ್ಟು ಟಿವಿ, ಎಷ್ಟು ಮೋಡೆಮ್ ಕೊಂದಿದೆಯೋ ಲೆಕ್ಕವಿಲ್ಲ. ಗುಡುಗು ಶುರುವಾದಾಗ ಪ್ಲಗ್ ಕೀಳುವುದು ಇದಕ್ಕಿರುವ ಕಂಡ ಪರಿಹಾರ. ಸಾಂಖ್ಯರ ಮಾತಿನಿಂದ ರಿಪೇರಿ ವ್ಯರ್ಥ ಎಂದಾಗುವುದಿಲ್ಲ; ಅದರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಗೆರೆ ಬೀಳುತ್ತದೆ.

ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು: ಬಂದುಹೋಗುವ ದೋಷ. ಮನೆಯಲ್ಲಿ ದಿನಾ ಆರುವ ಕನ್ಸೋಲನ್ನು ಅಂಗಡಿಗೆ ಒಯ್ದರೆ ಮೂರು ದಿನ ನಿಲ್ಲದೆ ಓಡುತ್ತದೆ. ಓಡುತ್ತಿರುವಾಗ ದೋಷ ಎಲ್ಲಿತ್ತು? ಒಳಗೇ ಬೀಜದ ಹಾಗೆ ಅಡಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ಈ ಬೀಜದ ಮಾತು ವೇದಾಂತದಲ್ಲಿ ದೊಡ್ಡ ವಿವಾದಕ್ಕೆ ವಸ್ತು, ಮತ್ತು ಆ ವಿವಾದದ ಒಂದು ಮುಖ್ಯ ನೆಲೆ ಹೇಮಾವತಿಯ ದಡದ ಹೊಳೆನರಸೀಪುರ. ಅಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನಡೆಸಿದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975), ಸಂನ್ಯಾಸಕ್ಕೆ ಮುಂಚೆ ಸುಬ್ಬರಾಯರಾಗಿದ್ದಾಗಲೇ, 1929ರಲ್ಲಿ ‘ಮೂಲಾವಿದ್ಯಾನಿರಾಸ’ ಎಂಬ ಗ್ರಂಥವನ್ನು ಹೊರತಂದರು. ಗಾಢನಿದ್ರೆಯಲ್ಲಿ ಜಗತ್ತು ಇಲ್ಲ, ನಾನು ನೀನು ಇಲ್ಲ. ಎದ್ದಾಗ ಎಲ್ಲವೂ ಮರಳಿ ಬರುತ್ತದೆ. ಮರಳಿ ಬರಬೇಕಾದರೆ ನಿದ್ರೆಯಲ್ಲಿ ಮೂಲಾವಿದ್ಯೆ, ಅಂದರೆ ಅಜ್ಞಾನವೆಂಬ ಬೀಜ, ಒಂದು ವಸ್ತುವಾಗಿಯೇ ಉಳಿದಿರಬೇಕು ಎಂದು ಅದ್ವೈತದೊಳಗಿನ ಪಂಚಪಾದಿಕಾವಿವರಣ ಎಂಬ ವ್ಯಾಖ್ಯಾನದ ಪರಂಪರೆ ಹೇಳುತ್ತದೆ. ಸ್ವಾಮಿಗಳ ವಾದ: ಶಂಕರರ ಭಾಷ್ಯದಲ್ಲಿ ಅವಿದ್ಯೆ ಎಂದರೆ ಒಂದನ್ನು ಇನ್ನೊಂದಾಗಿ ತಿಳಿಯುವ ಅಧ್ಯಾಸವೇ, ಅದರ ಹಿಂದೆ ಇನ್ನೊಂದು ಬೀಜವನ್ನು ಶಂಕರರು ಹೇಳಿಲ್ಲ, ಅನುಭವವೂ ತೋರಿಸುವುದಿಲ್ಲ. ಕಾರ್ಯ, ಕಾರಣ ಎಂಬ ಎಣಿಕೆಯೇ ಅಧ್ಯಾಸದ ಒಳಗಿನದು. ಅಧ್ಯಾಸಕ್ಕೆ ಕಾರಣ ಕೇಳುವ ಪ್ರಶ್ನೆ ತನ್ನ ಕಾಲಿನ ಮೇಲೆ ನಿಲ್ಲುವುದಿಲ್ಲ.

ಕನ್ಸೋಲಿನಲ್ಲಿ ಬೀಜವನ್ನು ಒಪ್ಪಬಹುದು. ಬೆಸುಗೆಯ ಬಿರುಕು ಯಂತ್ರ ಓಡುತ್ತಿರುವಾಗಲೂ ಅಲ್ಲೇ ಇರುತ್ತದೆ, ಎರಡು ಅಂಚು ಮುಟ್ಟಿಕೊಂಡಿರುತ್ತವೆ ಅಷ್ಟೇ. ತಕ್ಕ ಉಪಕರಣ ಹಿಡಿದರೆ ಕಾಣುತ್ತದೆ. ಮನೆಯಲ್ಲಿ ಆರಿ ಅಂಗಡಿಯಲ್ಲಿ ಆರದಿದ್ದರೆ ಕ್ಷೇತ್ರ ಬದಲಾದದ್ದೂ ಕಾರಣವಿರಬಹುದು: ಅಂಗಡಿಯ ಮೇಜಿನ ಮೇಲೆ ಬಟ್ಟೆಯೂ ಇಲ್ಲ, ಶೋಕೇಸೂ ಇಲ್ಲ, ಸಾಕೆಟ್ಟೂ ಬೇರೆ. ಯಾವ ದಾರಿಯಲ್ಲಿ ಹೋದರೂ ಇಲ್ಲಿ ಅಡಗಿದ್ದು ಕಾಣುವ ಜಾತಿಯದೇ. ಮೂಲಾವಿದ್ಯೆ ಹಾಗೆ ಕಾಣುವಂಥದ್ದಲ್ಲ, ಎದ್ದವನ ಮಾತಿನಿಂದ ಊಹಿಸಿಕೊಂಡದ್ದು. ಆದ್ದರಿಂದ ಯಂತ್ರದ ದೃಷ್ಟಾಂತ ಕೊಟ್ಟು ನಿದ್ರೆಯ ಬೀಜವನ್ನು ಸಾಧಿಸಲು ಹೊರಟರೆ ಅದು ನಿಲ್ಲುವುದಿಲ್ಲ.

ಆ ಎದ್ದವನ ಮಾತೇ ಚರ್ಚೆಯ ನಡುಗಂಬ. ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎಂದು ಎದ್ದವನು ಹೇಳುತ್ತಾನೆ. ಇದು ನೆನಪು, ನೆನಪಿದ್ದರೆ ಆಗ ಅನುಭವ ಇದ್ದಿರಬೇಕು, ಅಜ್ಞಾನವನ್ನೇ ಅನುಭವಿಸಿರಬೇಕು ಎಂದು ವಿವರಣದವರು. ಇದು ನೆನಪಲ್ಲ, ಎದ್ದ ಮೇಲೆ ಮಾಡುವ ಅನುಮಾನ ಎಂದು ನೈಯಾಯಿಕರು. ತಟಕ್ಕನೆ ಆರಿದ ಪ್ಲೇಸ್ಟೇಷನ್ 4 ಮತ್ತೆ ಚಾಲೂ ಆದಾಗಲೂ ಒಂದು ಹೇಳಿಕೆ ಕೊಡುತ್ತದೆ: ಕಳೆದ ಸಲ ಸರಿಯಾಗಿ ಮುಚ್ಚಲಿಲ್ಲ ಎಂದು. ಆರಿದ್ದ ಹೊತ್ತಿನ ನೆನಪು ಅದಕ್ಕಿಲ್ಲ. ಸಾಮಾನ್ಯವಾಗಿ ಇಂಥ ಯಂತ್ರಗಳು ಶುರುವಾಗುವಾಗ ಒಂದು ಗುರುತು ಬರೆದುಕೊಂಡು, ಕ್ರಮವಾಗಿ ಮುಚ್ಚುವಾಗ ಅದನ್ನು ಅಳಿಸುತ್ತವೆ; ಅಳಿಸದೆ ಉಳಿದ ಗುರುತನ್ನು ಕಂಡು ಹಿಂದಿನದನ್ನು ಊಹಿಸುತ್ತವೆ. ಅಲ್ಲಿ ನಡೆದದ್ದು ನೈಯಾಯಿಕರು ಹೇಳಿದಂತೆ ಅನುಮಾನ. ಹೊಳೆನರಸೀಪುರದ ಉತ್ತರ ಇವೆರಡಕ್ಕೂ ಸೇರುವುದಿಲ್ಲ. ಎಚ್ಚರದಲ್ಲಿ ನಿಂತು ನಿದ್ರೆಗೆ ಎಚ್ಚರದ ಕಾಲವನ್ನೂ ಎಚ್ಚರದ ಲೆಕ್ಕವನ್ನೂ ಹಚ್ಚಬಾರದು. ನಿದ್ರೆಯನ್ನು ಅದರದೇ ಅನುಭವದಿಂದ ನೋಡಿದರೆ ಅಲ್ಲಿ ತಿಳಿಯಲು ಎರಡನೆಯದಿಲ್ಲ, ತಿಳಿಯದೆ ಉಳಿದದ್ದೂ ಇಲ್ಲ. ಎಚ್ಚರ, ಕನಸು, ನಿದ್ರೆ ಎಂಬ ಮೂರು ಅವಸ್ಥೆಗಳೂ ಬಂದುಹೋಗುವಾಗ ಬಾರದೆ ಹೋಗದೆ ಇರುವುದು ಯಾವುದು ಎಂದು ಹುಡುಕುವಾಗ ವೇದಾಂತಿಗಳು ಬಳಸುವುದೂ ಅನ್ವಯ, ವ್ಯತಿರೇಕ ಎಂಬ ಅದೇ ಎರಡು ಪದಗಳನ್ನು. ಕನ್ಸೋಲಿನ ದೃಷ್ಟಾಂತ ಇಲ್ಲಿಂದ ಮುಂದೆ ಬರಲಾರದು. ಆರಿದ್ದ ಹೊತ್ತಿಗೆ ಅದರೊಳಗೆ ಸಾಕ್ಷಿಯಾಗಿ ನಿಂತವರು ಯಾರೂ ಇಲ್ಲ. ಮತ್ತೆ ಚಾಲೂ ಆದಾಗ ಅದು ಸೂಚನೆ ತೋರಿಸಿ, ಸಂಗ್ರಹವನ್ನು ತಪಾಸಣೆ ಮಾಡುತ್ತದೆ; ಆಟವನ್ನು ಕೊನೆಯ ಸಲ ಉಳಿಸಿಟ್ಟ ಜಾಗದಿಂದ ಮತ್ತೆ ತೆರೆಯಬೇಕಾಗುತ್ತದೆ.